ದ್ರಾಕ್ಷಿಯ ತೋಟದಿಂದ ಚನ್ನರಾಯನದುರ್ಗಕ್ಕೆ

ರಜೆಯ ದಿನ ಮಳೆ ಬಂದರೆ ಪ್ರಯಾಣ ಕೆಟ್ಟಿತೆಂದು ಹೇಳುವುದು ಪಟ್ಟಣವಾಸಿಗಳ ಪದ್ಧತಿ. ನಾವೂ ಹಾಗೆಯೇ ಹೇಳುತ್ತ ಬಂದವರು. ದಸರೆಯ ರಜೆಯಲ್ಲಿ ಒಂದು ದಿನ ಬೆಂಗಳೂರಿನಿಂದ ಮೋಟಾರಿನಲ್ಲಿ ಹೊರಟು, ದೊಡ್ಡಬಳ್ಳಾಪುರದ ಕಡೆಯ ದ್ರಾಕ್ಷಿಯ ತೋಟಗಳನ್ನು ನೋಡಿಕೊಂಡು, ಅಲ್ಲಿಂದ ದಾಬಸ್‌ಪೇಟೆ ಕೊರಟಗೆರೆಗಳ ಮೇಲೆ ಹೋಗಿ ಚನ್ನರಾಯನದುರ್ಗವನ್ನು ಹತ್ತಿ, ರಾತ್ರಿಯ ಊಟಕ್ಕೆ ಮನೆ ಸೇರತಕ್ಕದ್ದೆಂದು ನಿಶ್ಚಯಿಸಿದ್ದೆವು. ಬೆಳಗ್ಗೆ ಐದು ಗಂಟೆಗೆ ಎದ್ದು ಬಾಗಿಲು ತೆರೆದರೆ, ಆಕಾಶವು ಒಂದೇ ಬಣ್ಣವಾಗಿ, ಗಾಳಿಯಿಲ್ಲದೆ ಗುಡುಗಿಲ್ಲದೆ, ಸೋನೆ ಹಿಡಿದು ಸುರಿಯುತ್ತಿತ್ತು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆಯೆಂದು ಹಿಂದಿನ ದಿನವೇ ವರ್ತಮಾನ ಬಂದಿತ್ತು. ಆದರೆ ಕೊಲ್ಲಿಗೂ ನಮ್ಮ ರಜೆಗೂ ಏನು ಸಂಬಂಧವೆಂದು ನಾವು ಅದನ್ನು ಲಕ್ಷಿಸಿರಲಿಲ್ಲ.

ಹೊರಡುವುದೋ ಬಿಡುವುದೋ ಎಂದು ಅರ್ಧ ಗಂಟೆ ಚರ್ಚೆಯಾಯಿತು. ನಾವು ದಂಪತಿಗಳಿಬ್ಬರು, ಹತ್ತು ವರ್ಷದ ಮಗಳು, ಮೋಟಾರು ನಡೆಸತಕ್ಕ ಭಾವಮೈದುನ. ಇಷ್ಟೇ ನಮ್ಮ ತಂಡ. ಭಾವಮೈದುನನು ಉದ್ಯೋಗದ ನಿಮಿತ್ತ ಕೆಲವು ಕಾಲ ಫ್ರಾನ್ಸ್ ದೇಶದಲ್ಲಿದ್ದು ಬಂದವನು. ಅಲ್ಲಿಯ ಜನ ರಜೆ ಬಂದರೆ ಮೋಟಾರಿನಲ್ಲಿ ಹಳ್ಳಿಯಿಂದ ಹಳ್ಳಿಗೆ ದ್ರಾಕ್ಷಿಯ ತೋಟಗಳನ್ನು ನೋಡುತ್ತ ಹೋಗುತ್ತಾರೆಂದೂ, ನಮ್ಮ ಬಾಗಿಲಲ್ಲೇ ಅಂಥ ಸೀಮೆಯಿದ್ದರೂ ನಾವು ನೋಡಿಲ್ಲವೆಂದೂ ಆತನು ಬಹುದಿನದಿಂದ ಹಂಗಿಸುತ್ತಿದ್ದನು. "ಮಳೆಗೆ ಹೆದರಿ ಕೂತರೆ ಆಯಿತು ಭಾವ, ಇನ್ನು ಮುಂದಿನ ದಸರೆಗೇ" ಎಂದನು. ಚಿತ್ರಾನ್ನ ಮೊಸರನ್ನಗಳ ಬುತ್ತಿ ಹೇಗೂ ಸಿದ್ಧವಾಗಿತ್ತು. ಕಟ್ಟಿದ ಬುತ್ತಿಯನ್ನು ಬಿಚ್ಚಬಾರದೆಂದು ಮನೆಯಾಕೆ ತೀರ್ಪು ಕೊಟ್ಟುದರಿಂದ ಹೊರಟೆವು.

ಬೆಂಗಳೂರಿನಿಂದ ದೊಡ್ಡಬಳ್ಳಾಪುರಕ್ಕೆ ಸುಮಾರು 40 ಕಿಲೋಮೀಟರು. ನೇಯ್ಗೆಯ ಮಗ್ಗಗಳಿಗೆ ಹೆಸರಾದ ಆ ಊರಿನ ಆಚೆ, ನಂದಿಯ ಬೆಟ್ಟದ ಸಾಲು ಕಾಣಬೇಕಾದ ಕಡೆಯಲ್ಲಿ ಮೋಡವೇ ಬೆಟ್ಟವಾಗಿ ಕುಳಿತಿತ್ತು. ಈ ತಪ್ಪಲಿನಲ್ಲಿ ಗ್ರೋವರ್ ಎಂಬ ಮನೆತನದವರು 1988ರಲ್ಲಿ ಸಂಸ್ಥೆಯೊಂದನ್ನು ಸ್ಥಾಪಿಸಿ, ಫ್ರಾನ್ಸಿನ ದ್ರಾಕ್ಷಿಯ ತಳಿಗಳನ್ನು ನೆಟ್ಟು ವೈನ್ ತಯಾರಿಸಲು ತೊಡಗಿದರು. 2007ರಲ್ಲಿ ರಾಜ್ಯ ಸರ್ಕಾರವು ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಪ್ರಕಟಿಸಿದ ಮೇಲೆ ಈ ಉದ್ಯಮಕ್ಕೆ ಇನ್ನಷ್ಟು ಬಲ ಬಂದಿತು. ಇದು ವಿದೇಶದಿಂದ ಬಂದ ಕಥೆ. ಆದರೆ ಈ ಸೀಮೆಗೆ ತನ್ನದೇ ಆದ ಒಂದು ದ್ರಾಕ್ಷಿಯೂ ಉಂಟು. ಕಪ್ಪು ನೀಲಿಯ ಬಣ್ಣ, ದಪ್ಪ ಸಿಪ್ಪೆ, ಒಳಗೆ ಬೀಜ, ಹುಳಿ ಬೆರೆತ ಸಿಹಿ, ಮೂಗಿಗೆ ಹತ್ತುವ ಪರಿಮಳ. ನಾವೆಲ್ಲ ಬಾಲ್ಯದಲ್ಲಿ ಸಿಪ್ಪೆ ಹಿಂಡಿ ತಿಂದ 'ಬೆಂಗಳೂರು ನೀಲಿ' ದ್ರಾಕ್ಷಿಯೇ ಅದು. 2013ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಚಳಿಯ ದೇಶಗಳಲ್ಲಿ ದ್ರಾಕ್ಷಿಯ ಬಳ್ಳಿ ಎಲೆಯುದುರಿಸಿ ತಿಂಗಳುಗಟ್ಟಲೆ ನಿದ್ರಿಸುತ್ತದೆ. ನಮ್ಮ ಹವೆಯಲ್ಲಿ ಅದಕ್ಕೆ ನಿದ್ರೆಯಿಲ್ಲ, ಕತ್ತರಿಸಿದಾಗಲೆಲ್ಲ ಚಿಗುರುತ್ತದೆ. ಆದಕಾರಣ ಬೆಂಗಳೂರು ನೀಲಿಗೆ ವರ್ಷದಲ್ಲಿ ಎರಡು ಬೆಳೆ.

ಮೊದಲು ಒಂದು ವೈನ್ ಕಾರ್ಖಾನೆಯನ್ನು ನೋಡಿದೆವು. ನಮ್ಮಲ್ಲಿ ಪಾನ ಮಾಡುವವರು ಯಾರೂ ಇಲ್ಲ; ಮನೆಯಾಕೆಗೆ ತಿಳಿದಿದ್ದ ಏಕೈಕ ವೈನ್ ಎಂದರೆ ಆಯುರ್ವೇದದ ಅಂಗಡಿಯ ದ್ರಾಕ್ಷಾಸವ. ಆದರೂ ನೋಡಿ ತಿಳಿಯುವುದರಲ್ಲಿ ದೋಷವಿಲ್ಲವಷ್ಟೆ. ಅಲ್ಲಿಯ ಒಬ್ಬ ತರುಣರು ಕೊಡೆ ಹಿಡಿದುಕೊಂಡು ಬಂದು ಎಲ್ಲವನ್ನೂ ವಿವರಿಸಿದರು. ಹಣ್ಣನ್ನು ಸಿಪ್ಪೆಸಮೇತ ಹುದುಗಿಸಿದರೆ ಕೆಂಪು ವೈನ್. ರಸವನ್ನು ಮೊದಲೇ ಹಿಂಡಿ ಸಿಪ್ಪೆಯಿಂದ ಬೇರ್ಪಡಿಸಿದರೆ ಬಿಳಿಯದು. ದೋಸೆಯ ಹಿಟ್ಟು ರಾತ್ರಿಯಲ್ಲಿ ಉಬ್ಬುವ ಹಾಗೆಯೇ ಇಲ್ಲಿಯೂ ಕಣ್ಣಿಗೆ ಕಾಣದ ಜೀವಿಗಳ ಕೆಲಸ. ಅವು ಹಣ್ಣಿನ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಅನಿಲವನ್ನೂ ಬಿಡುತ್ತವೆ. ಸಕ್ಕರೆಯಿಲ್ಲದ ಹಣ್ಣಿನಿಂದ ಒಳ್ಳೆಯ ವೈನ್ ಇಲ್ಲ. ಸುಗ್ಗಿಯ ಹೊತ್ತಿಗೆ ಮಳೆ ಬಂದರೆ ಹಣ್ಣು ನೀರು ಕುಡಿದು ಸಪ್ಪೆಯಾಗುತ್ತದೆ. ಅದಕ್ಕಾಗಿಯೇ ಇವರು ಬಳ್ಳಿಯನ್ನು ಮಳೆಗಾಲದ ಕೊನೆಗೆ ಕತ್ತರಿಸಿ, ಬೇಸಗೆಯ ಆರಂಭದಲ್ಲಿ ಹಣ್ಣಾಗುವಂತೆ ಮಾಡುತ್ತಾರೆ. ಈಗ ತೋಟದಲ್ಲಿದ್ದುದು ಎಳೆಯ ಚಿಗುರು. "ಹಾಗಾದರೆ ಈ ಮಳೆಯಿಂದ ನಿಮಗೆ ಬಾಧಕವಿಲ್ಲ" ಎಂದೆವು. ಅವರು ಒಂದು ಚಿಗುರೆಲೆಯನ್ನು ಮಗುಚಿ ತೋರಿಸಿ, ಈ ತೇವದಲ್ಲಿ ಎಲೆಯ ಕೆಳಗೆ ಬಿಳಿಯ ಬೂಜು ಹತ್ತಿದರೆ ಹಣ್ಣಾಗುವ ಮಾತೇ ಇಲ್ಲವೆಂದೂ, ಮಳೆ ಬಿಟ್ಟ ಗಳಿಗೆಯಲ್ಲೇ ಮದ್ದು ಸಿಂಪಡಿಸಬೇಕೆಂದೂ ಹೇಳಿದರು.

ಈ ಬೂಜಿನ ಮದ್ದಿಗೆ ಒಂದು ಸ್ವಾರಸ್ಯವಾದ ಚರಿತ್ರೆ ಇದೆ. ಫ್ರಾನ್ಸಿನ ಬೋರ್ಡೋ ಪ್ರಾಂತದಲ್ಲಿ ದಾರಿಹೋಕರು ದ್ರಾಕ್ಷಿಯನ್ನು ಕದಿಯದಿರಲೆಂದು ರೈತರು ರಸ್ತೆಯಂಚಿನ ಬಳ್ಳಿಗಳಿಗೆ ಮೈಲುತುತ್ತವನ್ನೂ ಸುಣ್ಣವನ್ನೂ ಕಲಸಿ ಬಳಿಯುತ್ತಿದ್ದರು. ಊರಿಗೆಲ್ಲ ರೋಗ ಬಂದರೂ ಆ ಬಳ್ಳಿಗಳು ಹಸುರಾಗಿಯೇ ಉಳಿದುವು. ಮಿಲಾರ್ದೆ ಎಂಬ ಸಸ್ಯಶಾಸ್ತ್ರಜ್ಞನು ಅದನ್ನು ಗಮನಿಸಿ ಪರೀಕ್ಷೆ ನಡೆಸಿ, 1885ರಲ್ಲಿ ಆ ಔಷಧವನ್ನು ಲೋಕಕ್ಕೆ ತಿಳಿಸಿದನು. ಮಲೆನಾಡಿನ ವಾಚಕರಿಗೆ ಇದು ಹೊಸದಲ್ಲ. ಅಡಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಇದೇ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಅದನ್ನು ನಮ್ಮ ಅಡಕೆಯ ತೋಟಗಳಲ್ಲಿ ಬಳಕೆಗೆ ತಂದರು. ದ್ರಾಕ್ಷಿಯ ಕಳ್ಳರಿಗಾಗಿ ಕಲಸಿದ ನೀಲಿಯ ನೀರು ಸಹ್ಯಾದ್ರಿಯ ಅಡಕೆಯನ್ನು ಉಳಿಸಿತು.

ಕಾರ್ಖಾನೆಯಿಂದ ಹೊರಟು ಸ್ವಲ್ಪ ದೂರ ಬಂದಾಗ ರಸ್ತೆಯ ಪಕ್ಕದಲ್ಲಿ ಕಲ್ಲುಕಂಬಗಳ ಮೇಲೆ ಹಬ್ಬಿಸಿದ ಒಂದು ದ್ರಾಕ್ಷಿಯ ಚಪ್ಪರ ಕಂಡಿತು. ಬೆಂಗಳೂರು ನೀಲಿಯ ತೋಟ. ಎರಡು ಎಕರೆಗೆ ಮೀರಿರಲಾರದು. ಗೊಂಚಲುಗಳು ಮಾಗಿ ಕಪ್ಪಾಗಿ ತಲೆಯ ಮೇಲೆ ತೂಗುತ್ತಿದ್ದುವು. ಮಗಳು ಸಂತೋಷದಿಂದ ಚಪ್ಪರದ ಕೆಳಗೆ ಓಡಿದಳು. ಹತ್ತಿರ ಹೋಗಿ ನೋಡಿದರೆ ಹಣ್ಣುಗಳ ಮೈಮೇಲೆ ಕೂದಲೆಳೆಯಂಥ ಬಿರುಕುಗಳು. ಕೆಲವು ಗೊಂಚಲುಗಳಿಂದ ರಸ ತೊಟ್ಟಿಕ್ಕುತ್ತಿತ್ತು. ತೋಟದ ಯಜಮಾನರು ತಲೆಯ ಮೇಲೆ ಗೋಣಿಯ ಕೊಪ್ಪೆ ಹಾಕಿಕೊಂಡು, ಮನೆಯವರೊಡನೆ ಒಂದೇ ಸಮನೆ ಕೊಯ್ಯುತ್ತಿದ್ದರು. ನಾಳೆ ಬರುತ್ತೇನೆಂದಿದ್ದ ವ್ಯಾಪಾರಿ ಬೆಳಗ್ಗೆ ದೂರವಾಣಿಯಲ್ಲಿ ಬೇಡವೆಂದಿದ್ದನಂತೆ. ಬಿರಿದ ಹಣ್ಣು ಒಂದು ದಿನದಲ್ಲಿ ಹುಳಿತು ನೊಣ ಮುತ್ತುತ್ತದೆ. ಅದು ಪೇಟೆಯವರೆಗೆ ಬಾಳುವುದಿಲ್ಲ.

"ನಿನ್ನೆ ಇದು ಹಣ್ಣು ಸ್ವಾಮಿ, ನಾಳೆ ಗೊಬ್ಬರ. ಇವತ್ತು ಒಂದು ದಿನ ಬಿಟ್ಟಿದ್ದರೆ ಸಾಲ ತೀರುತ್ತಿತ್ತು" ಎಂದರು. ಈ ಮಾತಿನಲ್ಲಿ ದೂರುವ ಧ್ವನಿಯೂ ಇರಲಿಲ್ಲ. ಲೆಕ್ಕ ಹೇಳುವಂತೆ ಹೇಳಿದರು. ಆ ಬೆಳಗ್ಗೆ ರಜೆ ಕೆಟ್ಟಿತೆಂದು ನಾವು ಗೊಣಗಿದ್ದುದು ಆಗ ನೆನಪಾಗಿ ನಾಚಿಕೆಯಾಯಿತು. ಮನೆಯಾಕೆ ಒಂದು ಬುಟ್ಟಿ ಹಣ್ಣಿಗೆ ಬೆಲೆ ಕೇಳಿದಳು. ಬಿರಿದ ಹಣ್ಣಿಗೆ ಬೆಲೆಯೇನೆಂದು ಅವರು ಸಂಕೋಚಪಟ್ಟರು. ನಾವು ಒಳ್ಳೆಯ ಹಣ್ಣಿನ ಬೆಲೆಯನ್ನೇ ಕೊಟ್ಟು ಎರಡು ಬುಟ್ಟಿ ತೆಗೆದುಕೊಂಡೆವು. ಅದರಿಂದ ಅವರ ಸಾಲಕ್ಕೇನೂ ಆಗದೆಂದು ಅವರಿಗೂ ನಮಗೂ ತಿಳಿದಿತ್ತು. ಮೋಟಾರು ಹೊರಟ ಮೇಲೆ ಮಗಳು ಕೈಮುಗಿದು ಕಣ್ಣು ಮುಚ್ಚಿ ಕುಳಿತಿದ್ದಳು. ಏನೆಂದು ಕೇಳಿದರೆ, "ಮಳೆ ನಿಲ್ಲಲಿ ಅಂತ ದೇವರಿಗೆ ಹೇಳಿದೆ" ಎಂದಳು.

ದೊಡ್ಡಬಳ್ಳಾಪುರದಿಂದ ದಾಬಸ್‌ಪೇಟೆಗೆ ಬಂದು ಬಲಕ್ಕೆ ತಿರುಗಿದರೆ ಕೊರಟಗೆರೆಯ ದಾರಿ. ಇಲ್ಲಿಂದ ಮುಂದೆ ನೆಲದ ಸ್ವಭಾವವೇ ಬದಲಾಗುತ್ತದೆ. ಎಡಬಲಗಳಲ್ಲಿ ಆನೆಗಳು ಮಲಗಿದ ಹಾಗೆ ಕಲ್ಲುಗುಡ್ಡಗಳು. ನಡುವೆ ರಾಗಿಯ ಹೊಲ, ಕಡಲೆಕಾಯಿಯ ಹೊಲ. ಕೆರೆಯ ಅಂಗಳಗಳಲ್ಲಿ ನೀರಿಗಿಂತ ಜಾಲಿಯೇ ಹೆಚ್ಚು. ಮಧುಗಿರಿ, ಕೊರಟಗೆರೆ, ಸಿರಾ, ಪಾವಗಡ ಇವು ಮಳೆಯ ಬಡತನದ ತಾಲ್ಲೂಕುಗಳು. ಸಹ್ಯಾದ್ರಿಯ ಮರೆಯಲ್ಲಿರುವುದರಿಂದ ಮುಂಗಾರು ಇಲ್ಲಿಗೆ ಬರುವ ಹೊತ್ತಿಗೆ ಮೋಡ ಬರಿದಾಗಿರುತ್ತದೆ. ಹಿಂಗಾರಿನ ಕೊಲ್ಲಿಯ ಮಳೆಯೇ ಅನೇಕ ವರ್ಷ ಕಾಯುವ ದೈವ. ಪಾವಗಡದಲ್ಲಿ ಮಳೆ ಕೈಕೊಟ್ಟ ರೈತರು ಸುಮಾರು 13,000 ಎಕರೆ ಭೂಮಿಯನ್ನು ಗುತ್ತಿಗೆಗೆ ಕೊಟ್ಟಿದ್ದಾರೆ. ಅಲ್ಲಿ ಈಗ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ತಿನ ಹಲಗೆಗಳು ಹಾಸಿವೆ. ಮಳೆಯನ್ನು ನಂಬಲಾರದೆ ಬಿಸಿಲನ್ನೇ ಬೆಳೆಯಾಗಿ ಮಾಡಿಕೊಂಡ ಸೀಮೆ ಅದು.

ಕೊರಟಗೆರೆಯಲ್ಲಿ ಒಂದು ಸಣ್ಣ ಹೋಟೆಲಿನ ಸೂರಿನ ಕೆಳಗೆ ನಿಂತು ತಟ್ಟೆ ಇಡ್ಲಿ ತಿಂದು, ಬಿಸಿಯ ಕಾಫಿ ಕುಡಿದೆವು. ಮಳೆ ಅಲ್ಲಿಯೂ ಬಿಡುವಿಲ್ಲದೆ ಸುರಿಯುತ್ತಿತ್ತು. ಆದರೆ ಇಲ್ಲಿಯ ಜನರ ಮುಖ ಬೇರೆಯಾಗಿತ್ತು. ಕಾಫಿ ಕೊಟ್ಟವನು, ಬಸ್ಸಿಗೆ ಕಾಯುತ್ತಿದ್ದವರು, ಸೊಪ್ಪಿನ ಬುಟ್ಟಿಯವಳು, ಎಲ್ಲರೂ ಮಳೆಯ ಕಡೆ ನೋಡಿ, ಮನೆಗೆ ಬಂದ ನೆಂಟರನ್ನು ನೋಡಿ ನಗುವ ಹಾಗೆ ನಗುತ್ತಿದ್ದರು. ನಾವು ಅದನ್ನು ಕಂಡೆವು. ಆದರೆ ಆಗ ಹೆಚ್ಚು ಯೋಚಿಸಲಿಲ್ಲ.

ಮಧುಗಿರಿಯ ದಾರಿಯಲ್ಲಿ ಸಾಗಿ, ಎಡಕ್ಕೆ ಹಳ್ಳಿಯ ರಸ್ತೆ ಹಿಡಿದರೆ ಚನ್ನರಾಯನದುರ್ಗ. ಊರು ಬೆಟ್ಟದ ಕಾಲಬಳಿ ಇದೆ. ಬೆಟ್ಟವೆಂದರೆ ಬರಿಯ ಬಂಡೆ. ಬಂಡೆಯ ಅಂಚನ್ನೇ ಹಿಡಿದು ಮೇಲಕ್ಕೇರುವ ಕೋಟೆಯ ಗೋಡೆ. ಈ ದುರ್ಗವನ್ನು ಆಳಿದವರು ಮಧುಗಿರಿಯ ಪಾಳೆಯಗಾರರು. 1678ರ ಸುಮಾರಿಗೆ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಮಧುಗಿರಿಯು ಮೈಸೂರಿನ ವಶವಾಯಿತು. ಮುಂದೆ ಮೈಸೂರಿನವರಿಗೂ ಮರಾಠರಿಗೂ ನಡೆದ ಕದನಗಳಲ್ಲಿ ಈ ಸೀಮೆಯ ಕೋಟೆಗಳು ಕೈಯಿಂದ ಕೈಗೆ ದಾಟಿದುವು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯು ರಾಣಿ ವೀರಮ್ಮಾಜಿಯನ್ನು ಮಧುಗಿರಿಯ ಬೆಟ್ಟದಲ್ಲಿ ಸೆರೆಯಿರಿಸಿದನು. 1767ರಲ್ಲಿ ಪೇಶ್ವೆ ಮಾಧವರಾಯನು ಆ ಕೋಟೆಯನ್ನು ಹಿಡಿದಾಗ ಆಕೆಗೆ ಬಿಡುಗಡೆಯಾಯಿತು. ಮಲೆನಾಡಿನ ಎಡೆಬಿಡದ ಮಳೆಯಲ್ಲಿ ಬಾಳಿದ ರಾಣಿ, ಮೋಡವನ್ನು ಎಣಿಸುವ ಈ ಬಂಡೆಯ ಮೇಲೆ ನಾಲ್ಕು ವರ್ಷ ಹೇಗೆ ಕಳೆದಳೋ!

ಕೋಟೆಯ ಕೆಳಗಿನ ಬಾಗಿಲಿನ ಮರೆಯಲ್ಲಿ ಒಬ್ಬ ವೃದ್ಧರು ಕಂಬಳಿ ಹೊದೆದು, ನಾಲ್ಕು ಆಡುಗಳೊಡನೆ ಮಳೆಗೆ ನಿಂತಿದ್ದರು. ಜೊತೆಯಲ್ಲಿ ಇಬ್ಬರು ಮೊಮ್ಮಕ್ಕಳು. ಭಾವಮೈದುನನು ಮೇಲೆ ಹತ್ತುವ ದಾರಿಯನ್ನು ಕೇಳಿದನು.

"ಇವತ್ತು ಬ್ಯಾಡಿ ಸ್ವಾಮಿ. ಬಂಡೆ ಪಾಚಿ ಕಟ್ಟೈತೆ, ಜಾರ್ತದೆ. ದುರ್ಗ ಎಲ್ಲಿಗೂ ಓಗಲ್ಲ, ಇನ್ನೊಂದಪ ಬನ್ನಿ."

ಆತನು ಕೇಳಲಿಲ್ಲ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಕಾಲು ಜಾರಿ, ಒಂದು ಮಾರಿನಷ್ಟು ಕೆಳಕ್ಕೆ ಸರಿದು, ಅದೃಷ್ಟವಶಾತ್ ಬಂಡೆಯ ಸಂದಿನಲ್ಲಿದ್ದ ಒಂದು ಗಿಡದ ಬುಡಕ್ಕೆ ತಡೆದು ನಿಂತನು. ಅಂಗೈ ತರಚಿದುದಲ್ಲದೆ ಹೆಚ್ಚು ಅಪಾಯವಾಗಲಿಲ್ಲ. ಮನೆಯಾಕೆಯ ಮುಖ ಬಿಳಿಚಿತ್ತು. ವೃದ್ಧರು ಆತನ ಕೈ ಹಿಡಿದು ಇಳಿಸಿಕೊಂಡು, ಏನೂ ಆಗದವರಂತೆ ತಮ್ಮ ಕಂಬಳಿಯ ಅಂಚಿನಿಂದಲೇ ಅಂಗೈ ಒರಸಿದರು. ಹೀಗಾಗಿ ದುರ್ಗವನ್ನು ಹತ್ತುವ ನಮ್ಮ ಸಂಕಲ್ಪವು ಬಾಗಿಲಲ್ಲೇ ಮುಗಿಯಿತು. ಆದರೆ ಆ ಬಾಗಿಲಲ್ಲಿ ಕುಳಿತು ಕೇಳಿದ ಮಾತು ಹತ್ತಿದುದಕ್ಕಿಂತ ಕಡಿಮೆಯದಲ್ಲ.

ಬೆಟ್ಟದ ಮೇಲೆ ನೀರಿದೆಯೇ ಎಂದು ಕೇಳಿದೆವು. ವೃದ್ಧರು ಬಂಡೆಯ ಕಡೆ ಕೈ ತೋರಿಸಿದರು. ಅದರ ಮೈಮೇಲಿಂದ ಮಳೆಯ ನೀರು ಹಾಲಿನ ಎಳೆಗಳಂತೆ ಹರಿದು ಬರುತ್ತಿತ್ತು. ಮೇಲೆ ದೊಣೆಗಳಿವೆಯೆಂದರು. ದೊಣೆಯೆಂದರೆ ಬಂಡೆಯಲ್ಲಿ ನೀರು ನಿಲ್ಲುವ ಗುಂಡಿ. ಈ ಸೀಮೆಯ ಗಿರಿದುರ್ಗಗಳಲ್ಲೆಲ್ಲ ಇವನ್ನು ಕಾಣಬಹುದು. ಕೋಟೆಯ ಬಲವೆಂದರೆ ಗೋಡೆ, ಕೊತ್ತಲ, ಮದ್ದುಗುಂಡುಗಳೆಂದು ನಾವು ತಿಳಿದಿರುತ್ತೇವೆ. ವಿಚಾರಿಸಿದರೆ ಬಂಡೆಯ ಮೇಲೆ ಬಾವಿ ತೋಡುವಂತಿಲ್ಲ, ಹೊಳೆ ಹತ್ತಿ ಬರುವುದಿಲ್ಲ. ಮುತ್ತಿಗೆ ಹಾಕಿದ ಶತ್ರು ಕೆಳಗೆ ಕಾದು ಕುಳಿತರೆ, ಮೇಲಿನವರ ಆಯುಷ್ಯ ದೊಣೆಯಲ್ಲಿ ನಿಂತ ಹಿಂದಿನ ಮಳೆಗಾಲದ ನೀರಿನಷ್ಟೇ. ಬಂದ ಮಳೆಯನ್ನು ಹಿಡಿದಿಟ್ಟವನಿಗೆ ಕೋಟೆ, ಬಿಟ್ಟವನಿಗೆ ಬರಿಯ ಕಲ್ಲು. ಈ ಗೋಡೆಗಳನ್ನು ಕಟ್ಟಿದವರು ಇಂಥ ಮಳೆಯ ದಿನ ಗೊಣಗುತ್ತಿರಲಿಲ್ಲವೆಂಬುದು ನಿಶ್ಚಯ.

ಮಗಳು ಮೆಲ್ಲನೆ ವೃದ್ಧರ ಹತ್ತಿರ ಹೋಗಿ, "ತಾತ, ಈ ಮಳೆ ಯಾವಾಗ ನಿಲ್ಲುತ್ತೆ?" ಎಂದಳು.

"ನಿಲ್ಲೋದ್ಯಾಕವ್ವ? ಬರ್ಲಿ. ಕಳ್ಳೇಕಾಯಿ ನೆಲ ಗಟ್ಟಿಯಾಗಿ ಕೀಳಾಕಾಗ್ದೆ ಕೂತಿದ್ವಿ. ರಾಗಿ ಹಾಲ್ದುಂಬೈತೆ. ಇವತ್ತು ಬರದಿದ್ರೆ ಎಲ್ಡೂ ಓಗಿದ್ವು. ಇನ್ನೊಂದು ದಿನ ಇಂಗೇ ಬಂದ್ರೆ ಕೆರೆಗೂ ನೀರು."

ಮಗಳು ನಮ್ಮ ಮುಖವನ್ನು ನೋಡಿದಳು. ದಾರಿಯಲ್ಲಿ ಮಾಡಿದ ಪ್ರಾರ್ಥನೆ ಅವಳಿಗೆ ನೆನಪಾಗಿತ್ತು. "ಅಪ್ಪ, ಅಲ್ಲಿ ನಿಲ್ಲಬೇಕು, ಇಲ್ಲಿ ಬರಬೇಕು. ದೇವರು ಯಾರ ಮಾತು ಕೇಳಬೇಕು?" ಎಂದು ಕೇಳಿದಳು. ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಇದ್ದವರು ಯಾರಾದರೂ ಇದ್ದಾರೆಂದೂ ತೋರುವುದಿಲ್ಲ. ಮನೆಯಾಕೆ ಮಾತ್ರ ಮೋಟಾರಿಗೆ ಹೋಗಿ ಒಂದು ಬುಟ್ಟಿ ದ್ರಾಕ್ಷಿಯನ್ನು ತಂದು ಆ ಮಕ್ಕಳ ಮುಂದಿಟ್ಟಳು. ಬಿರಿದ ಹಣ್ಣು ಕೊಡುತ್ತಿದ್ದೇವೆಂದು ನಮಗೆ ಸಂಕೋಚ. ಮಕ್ಕಳಿಗೆ ಅದು ಕಾಣಲೇ ಇಲ್ಲ. ನೀಲಿಯ ರಸ ಮೊಣಕೈವರೆಗೆ ಇಳಿಯುವಂತೆ ತಿಂದರು. ವೃದ್ಧರು ಒಂದು ಹಣ್ಣನ್ನು ಬಾಯಿಗೆ ಹಾಕಿಕೊಂಡು, ಹುಳಿಗೆ ಕಣ್ಣು ಮುಚ್ಚಿ, "ಚಂದಾಗೈತೆ" ಎಂದರು. ನಾವು ಹೊರಡುವಾಗ ದೊಡ್ಡ ಮೊಮ್ಮಗನನ್ನು ಹತ್ತಿರದ ಹೊಲಕ್ಕೆ ಓಡಿಸಿ, ಮಣ್ಣು ಅಂಟಿದ ಹಸಿಯ ಕಡಲೆಕಾಯಿ ಗಿಡಗಳ ಒಂದು ಹೊರೆಯನ್ನು ತರಿಸಿ ಮೋಟಾರಿನಲ್ಲಿಡಿಸಿದರು. ಹಣ ಕೊಡಲು ಹೋದಾಗ, "ಅಣ್ಣಿಗೆ ನಾವು ದುಡ್ಡು ಕೊಟ್ವಾ?" ಎಂದರು. ಮತ್ತೆ ಮಾತಾಡಲಾಗಲಿಲ್ಲ.

ಹೊರಡುವ ಹೊತ್ತಿಗೆ ಒಂದು ಕ್ಷಣ ಮೋಡ ಹರಿದು ಮಧುಗಿರಿಯ ಬೆಟ್ಟವು ಕಾಣಿಸಿತು. ಒಂದೇ ಕಲ್ಲಿನ ಆ ಮಹಾಶಿಲೆಯು ನೀರಿನಿಂದ ತೊಯ್ದು, ತೊಳೆದಿಟ್ಟ ಕಂಚಿನಂತೆ ಹೊಳೆಯಿತು. ಮಧುವೆಂದರೆ ಜೇನು, ಆದಕಾರಣ ಮಧುಗಿರಿಯೆಂದು ಹೇಳುವುದುಂಟು. ಸಂಸ್ಕೃತದಲ್ಲಿ ಮಧುವಿಗೆ ಮದ್ಯವೆಂಬ ಅರ್ಥವೂ ಇದೆಯೆಂದು ಭಾವಮೈದುನನಿಗೆ ಹೇಳಿ, ದ್ರಾಕ್ಷಿಯ ಸೀಮೆಯಿಂದ ಹೊರಟವನು ಮಧುವಿನ ಗಿರಿಯನ್ನು ಕಂಡಂತಾಯಿತಲ್ಲವೇ ಎಂದೆವು. ಆತನು ತರಚಿದ ಅಂಗೈಯನ್ನು ನೋಡಿಕೊಂಡು ನಕ್ಕನು.

ಹಿಂದಿರುಗುವ ದಾರಿಯಲ್ಲಿ ಹಳ್ಳಗಳೆಲ್ಲ ಕೆಂಪಾಗಿ ತುಂಬಿ ಹರಿಯುತ್ತಿದ್ದುವು. ಈ ಹಳ್ಳಗಳ ನೀರು ಜಯಮಂಗಲಿಯನ್ನು ಸೇರುತ್ತದೆ. ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟುವ ಜಯಮಂಗಲಿಯು ಆಂಧ್ರದ ಗಡಿಯನ್ನು ದಾಟಿ ಉತ್ತರ ಪಿನಾಕಿನಿಯೊಡನೆ ಕೂಡುತ್ತದೆ. ಆ ಉತ್ತರ ಪಿನಾಕಿನಿ ಹುಟ್ಟುವುದು ನಾವು ಬೆಳಗ್ಗೆ ಕಂಡ ನಂದಿಯ ಸಾಲಿನಲ್ಲಿಯೇ. ನಂದಿಯ ಒಂದು ಪಕ್ಕಕ್ಕೆ ಬಿದ್ದ ಹನಿ ಅರ್ಕಾವತಿಯಾಗಿ ಕಾವೇರಿಗೆ ಹೋಗುತ್ತದೆ. ಇನ್ನೊಂದು ಪಕ್ಕಕ್ಕೆ ಬಿದ್ದ ಹನಿ ಚನ್ನರಾಯನದುರ್ಗದ ಬಂಡೆಯಿಂದ ಇಳಿದ ಹನಿಯನ್ನು ಎಲ್ಲಿಯೋ ಸಂಧಿಸುತ್ತದೆ. ಬೆಳಗ್ಗೆ ನಾವು ಶಪಿಸಿದ ನೀರೂ ಸಂಜೆ ವೃದ್ಧರು ಹರಸಿದ ನೀರೂ ಒಂದೇ ಮೋಡದ್ದು.

ರಾತ್ರಿ ಒಂಬತ್ತಕ್ಕೆ ಮನೆ ಸೇರಿದೆವು. ಮನೆಯಾಕೆ ಉಳಿದ ಬುಟ್ಟಿಯ ದ್ರಾಕ್ಷಿಯನ್ನು ಆ ರಾತ್ರಿಯೇ ಹಿಂಡಿ, ಸೋಸಿ, ಬೆಲ್ಲ ಏಲಕ್ಕಿ ಹಾಕಿ ಪಾನಕ ಮಾಡಿದಳು. ಕಡಲೆಕಾಯಿಯನ್ನು ಉಪ್ಪುನೀರಿನಲ್ಲಿ ಬೇಯಿಸಿದಳು. ಮಳೆಯಲ್ಲಿ ಕೆಟ್ಟ ಹಣ್ಣು, ಮಳೆಯಲ್ಲಿ ಉಳಿದ ಕಾಯಿ, ಎರಡನ್ನೂ ಒಂದೇ ಹರಿವಾಣದ ಸುತ್ತ ಕುಳಿತು ತಿಂದೆವು. ಹೊರಗೆ ಸೋನೆ ಇನ್ನೂ ನಿಂತಿರಲಿಲ್ಲ. ಮಲಗುವ ಮುನ್ನ ಮಗಳು ಎಂದಿನಂತೆ ಕೈಮುಗಿದಳು. ಈ ಸಲ ಏನು ಕೇಳಿಕೊಂಡಳೋ, ನಾವು ಕೇಳಲಿಲ್ಲ.